ಅತಿಥಿಯ ಲೇಖನಿ, ಆತಿಥೇಯರ ಮೌನ

ಪರದೇಶದಿಂದ ಓದಲು ಬಂದ ವಿದ್ಯಾರ್ಥಿಗೆ ಊರಿನ ಒಂದು ಸಂಸಾರದ ಪರಿಚಯ ಮಾಡಿಸಿಕೊಡುವ ಏರ್ಪಾಟು ಈಗ ಅನೇಕ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಬಳಕೆಯಲ್ಲಿದೆ. ಕೆಲವು ಕಡೆ ವಿದ್ಯಾರ್ಥಿ ಆ ಮನೆಯಲ್ಲಿಯೇ ವಾಸಮಾಡುತ್ತಾನೆ. ಅಮೆರಿಕದ ಎಷ್ಟೋ ಊರುಗಳಲ್ಲಿ ವಾಸ ಹಾಸ್ಟೆಲಿನಲ್ಲೇ. ಆಗಾಗ ಒಂದು ಊಟ, ಹಬ್ಬಕ್ಕೊಂದು ಕರೆ, ಕಾಯಿಲೆ ಬಿದ್ದಾಗ ವಿಚಾರಿಸಿಕೊಳ್ಳಲು ಒಂದು ಮನೆ, ಇಷ್ಟು. ಇದಕ್ಕೆ ‘ಸಂಸ್ಕೃತಿ ವಿನಿಮಯ’ ಎಂಬ ದೊಡ್ಡ ಹೆಸರಿದೆ. ಹೆಸರು ದೊಡ್ಡದಾದರೂ ಕೆಲಸ ಒಳ್ಳೆಯದೇ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಭಾಷೆ ಬಾರದ ಊರಿನಲ್ಲಿ ಭಾನುವಾರದ ಮಧ್ಯಾಹ್ನವನ್ನು ಒಬ್ಬನೇ ಕಳೆದವನಿಗೆ ಮಾತ್ರ ಅದರ ಬೆಲೆ ತಿಳಿದೀತು.

ಈ ಏರ್ಪಾಟಿಗೆ ಒಂದು ಇತಿಹಾಸವೂ ಉಂಟು. ಅಮೆರಿಕದ ಡೊನಾಲ್ಡ್ ವಾಟ್ ಎಂಬಾತ 1932ರಲ್ಲಿ, ತರುಣರು ಪರದೇಶದ ಮನೆಗಳಲ್ಲಿ ಮನೆಯವರಂತೆ ಇದ್ದು ಬರಬೇಕೆಂಬ ಪ್ರಯೋಗವನ್ನು ಆರಂಭಿಸಿದ. ಯುದ್ಧರಂಗದಲ್ಲಿ ಗಾಯಾಳುಗಳ ಗಾಡಿ ಓಡಿಸುತ್ತಿದ್ದ ಅಮೆರಿಕನ್ ಫೀಲ್ಡ್ ಸರ್ವೀಸಿನವರು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪರದೇಶದ ಮಕ್ಕಳನ್ನು ಕರೆತಂದು ಮನೆಗಳಲ್ಲಿಡುವ ಕೆಲಸಕ್ಕೆ ತೊಡಗಿದರು. 1946ರಲ್ಲಿ ಫುಲ್‌ಬ್ರೈಟ್ ಕಾಯಿದೆ ಬಂತು. ಎರಡು ಮಹಾಯುದ್ಧಗಳನ್ನು ಕಂಡ ಶತಮಾನ, ಒಂದೇ ಮೇಜಿನಲ್ಲಿ ಉಂಡವರು ಒಬ್ಬರನ್ನೊಬ್ಬರು ಕೊಲ್ಲಲಾರರು ಎಂದು ನಂಬಲು ಹವಣಿಸಿತು. ಆ ನಂಬಿಕೆಯನ್ನು ಹಾಸ್ಯಮಾಡುವುದು ಸುಲಭ. ಅದಕ್ಕಿಂತ ಮೇಲಾದುದನ್ನು ಸೂಚಿಸುವುದು ಸುಲಭವಲ್ಲ.

ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಆ ಸಂಸ್ಥೆಗಳ ವಿಷಯವನ್ನಲ್ಲ, ಸಾಹಿತ್ಯದ ವಿಷಯವನ್ನು. ಈ ಏರ್ಪಾಟುಗಳು ಹುಟ್ಟುವುದಕ್ಕೆ ಬಹಳ ಮೊದಲೇ ನಮ್ಮ ವಿದ್ಯಾರ್ಥಿಗಳು ಸಮುದ್ರ ದಾಟಿ ಪರರ ಮನೆಯಲ್ಲಿ ಉಂಡಿದ್ದಾರೆ, ಉಂಡುದನ್ನು ಬರೆದಿದ್ದಾರೆ. ಆ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಮೊದಲು ಕಣ್ಣಿಗೆ ಬೀಳುವ ಸಂಗತಿ ಇದು: ಬರೆದವನು ಯಾವಾಗಲೂ ಅತಿಥಿ. ಆತಿಥೇಯರು ಬರೆಯುವುದಿಲ್ಲ. ಊಟಕ್ಕೆ ಬಡಿಸಿದವಳ ಮಾತು ಉಂಡವನ ಪುಸ್ತಕದಲ್ಲಿ ಅವನಿಗೆ ನೆನಪಿದ್ದಷ್ಟು, ಅವನಿಗೆ ಬೇಕಾದಷ್ಟು ಉಳಿಯುತ್ತದೆ. ನಮ್ಮ ಪ್ರವಾಸ ಸಾಹಿತ್ಯವೂ ಇದಕ್ಕೆ ಹೊರತಲ್ಲ. ಕಾರಂತರ ‘ಅಪೂರ್ವ ಪಶ್ಚಿಮ’, ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ‘ಅಮೆರಿಕಾದಲ್ಲಿ ಗೊರೂರು’, ಎಲ್ಲವೂ ಹೋಗಿ ನೋಡಿ ಬಂದವರ ಪುಸ್ತಕಗಳೇ. ಅತಿಥಿಯ ಕೈಯಲ್ಲಿರುವ ಈ ಲೇಖನಿಯ ಅಧಿಕಾರ ಎಂಥದು, ಅದಕ್ಕೊಂದು ಋಣವುಂಟೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮೂರು ಕೃತಿಗಳನ್ನು ನೋಡೋಣ.

ಮೊದಲನೆಯದು ರವೀಂದ್ರನಾಥ ಠಾಕೂರರ ‘ಜೀವನಸ್ಮೃತಿ’. ರವೀಂದ್ರರು ಇಂಗ್ಲೆಂಡಿಗೆ ಹೋದದ್ದು 1878ರಲ್ಲಿ, ಹದಿನೇಳರ ವಯಸ್ಸಿನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹೆನ್ರಿ ಮಾರ್ಲಿಯವರ ಪಾಠಗಳನ್ನು ಕೇಳಿದರು. 1880ರಲ್ಲಿ ಪದವಿಯಿಲ್ಲದೆ ಹಿಂದಿರುಗಿದರು. ಆ ಪುಸ್ತಕದಲ್ಲಿ ಎರಡು ಬಗೆಯ ಆತಿಥೇಯರು ಬರುತ್ತಾರೆ. ಇಬ್ಬರನ್ನೂ ಒಂದೇ ಲೇಖನಿ ಚಿತ್ರಿಸಿದೆಯಾದ್ದರಿಂದ ನಮಗೆ ಬೇಕಾದ ಹೋಲಿಕೆ ತಾನಾಗಿ ಒದಗಿದೆ.

ಒಬ್ಬಾಕೆ, ಭಾರತದಲ್ಲಿ ಅಧಿಕಾರಿಯಾಗಿದ್ದು ತೀರಿಕೊಂಡ ಆಂಗ್ಲನೊಬ್ಬನ ವಿಧವೆ. ಆಕೆಯ ಪತಿಯನ್ನು ಕುರಿತು ಭಾರತೀಯ ಮಿತ್ರನೊಬ್ಬ ಇಂಗ್ಲಿಷಿನಲ್ಲಿ ಶೋಕಗೀತೆ ಬರೆದಿದ್ದ. ಅದನ್ನು ಬೇಹಾಗ್ ರಾಗದಲ್ಲಿ ಹಾಡಬೇಕೆಂಬುದು ಅವನ ಸೂಚನೆ. ಬಂಗಾಳದ ಈ ಹುಡುಗ ಕೈಗೆ ಸಿಕ್ಕಿದ ಮೇಲೆ ಕೇಳಬೇಕೆ? ಎಲ್ಲಿ ನಾಲ್ಕು ಜನ ಸೇರಿದರೂ ಅವನನ್ನು ನಿಲ್ಲಿಸಿ ಹಾಡಿಸುವುದೇ ಆಯಿತು. ಒಮ್ಮೆ ಆಕೆಯ ಒತ್ತಾಯಕ್ಕೆ ಕಟ್ಟುಬಿದ್ದು ಊರಾಚೆಯ ಅವಳ ಮನೆಗೆ ಹೊರಟ ರವೀಂದ್ರರು ರೈಲಿನಲ್ಲಿ ದಾರಿ ತಪ್ಪಿ, ರಾತ್ರಿ ಹೊತ್ತುಮೀರಿ ಹಸಿದು ತಲುಪಿದರು. ಊಟದ ಹೊತ್ತು ಮುಗಿದಿತ್ತು. ಚಹಾ ಮಾತ್ರ ದೊರೆಯಿತು. ಮಲಗಲು ಛತ್ರ. ಮರುದಿನ ಬೆಳಿಗ್ಗೆ ತಣ್ಣಗಾದ ಉಳಿಕೆ. ಆಮೇಲೆ ಕಾಯಿಲೆ ಮಲಗಿದ್ದ ಹೆಂಗಸೊಬ್ಬಳು ಕೇಳಲೆಂದು, ಅವಳ ಕೋಣೆಯ ಮುಚ್ಚಿದ ಬಾಗಿಲಿನ ಮುಂದೆ ನಿಂತು ಅದೇ ಶೋಕಗೀತೆಯನ್ನು ಹಾಡಬೇಕಾಯಿತು! ಈ ಪ್ರಸಂಗವನ್ನು ಅವರು ನಗುತ್ತಲೇ ಬರೆದಿದ್ದಾರೆ. ಆದರೆ ಮುಚ್ಚಿದ ಬಾಗಿಲಿನ ಮುಂದೆ ಹಾಡುತ್ತಿರುವ ಆ ಹುಡುಗನ ಚಿತ್ರ ಬೇಗ ಮರೆಯುವಂಥದಲ್ಲ. ಆಕೆಗೆ ಬೇಕಾದದ್ದು ಅವನ ದೇಶದ ಒಂದು ಮಾದರಿ, ಅವನ ಹಸಿವಲ್ಲ.

ಇನ್ನೊಂದು, ಡಾಕ್ಟರ್ ಸ್ಕಾಟರ ಮನೆ. ಇಲ್ಲಿ ಆರಂಭವೇ ಶುಭಕರವಾಗಿರಲಿಲ್ಲ. ಭಾರತದ ಹುಡುಗನೊಬ್ಬ ಮನೆಯಲ್ಲಿರಲು ಬರುತ್ತಾನೆಂಬ ಭಯದಿಂದ ಕಿರಿಯ ಹೆಣ್ಣುಮಕ್ಕಳಿಬ್ಬರು ಬಂಧುಗಳ ಮನೆಗೆ ಓಡಿಹೋಗಿದ್ದರಂತೆ. ಬಂದವನಿಂದ ಅಪಾಯವಿಲ್ಲವೆಂದು ತಿಳಿದ ಮೇಲೆಯೇ ಹಿಂದಿರುಗಿದ್ದು. ಆದರೆ ಸ್ವಲ್ಪ ಕಾಲದಲ್ಲಿಯೇ ಶ್ರೀಮತಿ ಸ್ಕಾಟ್ ಅವರನ್ನು ಮಗನಂತೆ ಕಂಡರು. ರವೀಂದ್ರರು ಆಕೆಯನ್ನು ಹೇಗೆ ಚಿತ್ರಿಸಿದ್ದಾರೆಂಬುದನ್ನು ಗಮನಿಸಬೇಕು. ಇಂಗ್ಲಿಷ್ ಸಂಸ್ಕೃತಿಯ ಗುಣಗಾನ ಅಲ್ಲಿಲ್ಲ. ಬೆಳಿಗ್ಗೆ ಕೆಲಸದವಳ ಜೊತೆ ತಾನೂ ಸೇರಿ ಮನೆಯನ್ನು ಉಜ್ಜಿ ಒರೆಸುವುದು. ಸಂಜೆ ಗಂಡ ಬರುವ ಹೊತ್ತಿಗೆ ಬೆಂಕಿಯ ಪಕ್ಕದಲ್ಲಿ ಕುರ್ಚಿಯನ್ನೂ ಉಣ್ಣೆಯ ಚಪ್ಪಲಿಯನ್ನೂ ಅಣಿಮಾಡಿಡುವುದು. ರಾತ್ರಿ ಮಕ್ಕಳೆಲ್ಲ ಸೇರಿ ಪ್ರೇತವನ್ನು ಕರೆಯುವ ಆಟ ಹೂಡಿ ಚಹಾದ ಮೇಜಿನ ಮೇಲೆ ಬೆರಳಿಟ್ಟು ಅದನ್ನು ಓಡಾಡಿಸುತ್ತಿದ್ದರು. ಆಕೆಗೆ ಅದು ಸರಿಬೀಳದಿದ್ದರೂ ಸುಮ್ಮನಿದ್ದರು. ಆದರೆ ಒಂದು ದಿನ ಹುಡುಗರು ಡಾಕ್ಟರರ ಟೋಪಿಯ ಮೇಲೆ ಕೈಯಿಟ್ಟಾಗ ಓಡಿಬಂದು ತಡೆದರಂತೆ. ಗಂಡನ ಟೋಪಿಗೆ ಸೈತಾನನ ಸಂಪರ್ಕ ಒಂದು ಕ್ಷಣವೂ ಆಗಕೂಡದು!

ಪತಿಭಕ್ತಿ ನಮ್ಮ ದೇಶದ ಸ್ವಂತ ಸೊತ್ತೆಂದು ನಂಬಿಕೊಂಡು ಹೋಗಿದ್ದ ಹುಡುಗನಿಗೆ ಆ ಟೋಪಿ ಬೇರೊಂದು ಪಾಠ ಹೇಳಿತು. ಆ ಪಾಠದ ವಿಷಯದಲ್ಲಿ ಇಂದಿನ ಓದುಗರಿಗೆ, ಅದರಲ್ಲೂ ಓದುಗಳಿಗೆ, ತಕರಾರುಗಳಿರಬಹುದು, ಇರಬೇಕಾದದ್ದೇ. ಆದರೆ ಪಾಠ ಬಂದ ದಾರಿ ಮುಖ್ಯ. ಯಾರೂ ಅವನಿಗೆ ‘ನಮ್ಮ ಸಂಸ್ಕೃತಿ ಇಂಥದು’ ಎಂದು ವಿವರಿಸಲಿಲ್ಲ. ಮನೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು, ಅವನು ಅದರೊಳಗಿದ್ದ. ವಿಧವೆಯ ಮನೆಯಿಂದ ಪಾಡುಪಟ್ಟು ಬಂದು ಜ್ವರ ಹಿಡಿದು ಮಲಗಿದಾಗ, ಇದನ್ನು ನಮ್ಮ ದೇಶದ ಆತಿಥ್ಯವೆಂದು ತಿಳಿಯಬೇಡ, ಇದೆಲ್ಲ ಭಾರತದ ಉಪ್ಪು ತಿಂದದ್ದರ ಫಲ ಎಂದು ಬೇಡಿಕೊಂಡವರು ಹಿಂದೆ ಹೆದರಿ ಓಡಿಹೋಗಿದ್ದ ಅದೇ ಮನೆಯ ಹೆಣ್ಣುಮಕ್ಕಳು. ಎಷ್ಟು ತಮಾಷೆಯೋ ಅಷ್ಟೇ ನಿಜವಾದ ಮಾತು. ಹೊರಡುವ ದಿನ ಶ್ರೀಮತಿ ಸ್ಕಾಟ್ ಅವರ ಎರಡು ಕೈಗಳನ್ನೂ ಹಿಡಿದು, ಇಷ್ಟು ಬೇಗ ಹೋಗುವುದಾದರೆ ಬಂದದ್ದಾದರೂ ಏಕೆ ಎಂದು ಅತ್ತರು.

ಇಲ್ಲಿ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ರವೀಂದ್ರರು ಇಂಗ್ಲೆಂಡಿನಿಂದ ಬರೆದ ಪತ್ರಗಳು ‘ಯೂರೋಪ್ ಪ್ರವಾಸೀರ್ ಪತ್ರ’ ಎಂದು 1881ರಲ್ಲಿ ಪುಸ್ತಕವಾದವು. ಅವು ಹರಿತವಾದ ಪತ್ರಗಳು. ಕಂಡದ್ದನ್ನೆಲ್ಲ ಚುಚ್ಚಿ ನಗುವ ಉತ್ಸಾಹ ಅವುಗಳಲ್ಲಿದೆ. ಮೂವತ್ತು ವರ್ಷಗಳ ಮೇಲೆ, 1912ರಲ್ಲಿ ಹೊರಬಂದ ‘ಜೀವನಸ್ಮೃತಿ’ಯಲ್ಲಿ ಅವರೇ ಆ ಪತ್ರಗಳನ್ನು ಕುರಿತು, ಅದು ಹುಡುಗುತನದ ಬಡಾಯಿ ಎಂದು ಸಂಕೋಚಪಟ್ಟಿದ್ದಾರೆ. ಅತಿಥಿಯಾಗಿದ್ದಾಗಲೇ ಬರೆದದ್ದು ಅಷ್ಟು ಕಹಿ. ಆ ಮನೆ ಚದುರಿಹೋದ ಮೇಲೆ ಬರೆದದ್ದು ಇಷ್ಟು ಮಧುರ. ವಯಸ್ಸಿನಿಂದ ಬಂದ ಮೆತ್ತನೆಯ ಸ್ವಭಾವವಷ್ಟೇ ಇದಕ್ಕೆ ಕಾರಣವೆಂದು ನನಗೆ ತೋರುವುದಿಲ್ಲ. ಮೊದಲ ಪುಸ್ತಕದಲ್ಲಿ ಅವರು ಒಂದು ಸಮಾಜವನ್ನು ನೋಡುತ್ತಿದ್ದಾರೆ. ಎರಡನೆಯದರಲ್ಲಿ ಒಬ್ಬಾಕೆಯನ್ನು ನೆನೆಯುತ್ತಿದ್ದಾರೆ.

ಎರಡನೆಯ ಕೃತಿ ಗಾಂಧೀಜಿಯವರ ಆತ್ಮಕಥೆ. ಅದರ ಲಂಡನ್ನಿನ ಅಧ್ಯಾಯಗಳನ್ನು ಸತ್ಯ, ಸಸ್ಯಾಹಾರ ಮೊದಲಾದ ದೊಡ್ಡ ವಿಷಯಗಳಿಗಾಗಿ ಓದುವುದು ವಾಡಿಕೆ. ಅದನ್ನೇ ಬಾಡಿಗೆ ಕೊಟ್ಟು ಪರರ ಮನೆಯಲ್ಲಿದ್ದ ವಿದ್ಯಾರ್ಥಿಯ ಕಥೆಯಾಗಿಯೂ ಓದಬಹುದು. 1888ರಲ್ಲಿ ಲಂಡನ್ನಿಗೆ ಬಂದಿಳಿದ ತರುಣನಿಗೆ ಡಾಕ್ಟರ್ ಪ್ರಾಣಜೀವನ ಮೆಹತಾ ಕೊಟ್ಟ ಬುದ್ಧಿವಾದವೇನು? ನಾವು ಇಲ್ಲಿಗೆ ಬರುವುದು ಓದಿಗಿಂತ ಹೆಚ್ಚಾಗಿ ಇಲ್ಲಿಯವರ ಬಾಳನ್ನೂ ನಡವಳಿಕೆಯನ್ನೂ ಕಲಿಯಲು. ಅದಕ್ಕಾಗಿ ಒಂದು ಸಂಸಾರದಲ್ಲಿ ವಾಸಮಾಡಬೇಕು, ಎಂದು. ಇಂದಿನ ವಿಶ್ವವಿದ್ಯಾನಿಲಯಗಳು ಕರಪತ್ರಗಳಲ್ಲಿ ಅಚ್ಚುಹಾಕಿಸುವುದು ಇದಕ್ಕಿಂತ ಹೆಚ್ಚೇನಲ್ಲ.

ಆಮೇಲೆ ನಡೆದದ್ದು ಕರಪತ್ರಗಳಲ್ಲಿ ಇರುವುದಿಲ್ಲ. ವೆಸ್ಟ್ ಕೆನ್ಸಿಂಗ್‌ಟನ್ನಿನ ಮನೆಯಲ್ಲಿ ಮನೆಯೊಡತಿ ಒಬ್ಬ ವಿಧವೆ. ಹುಡುಗನ ವ್ರತವನ್ನು ಕೇಳಿ, ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಮಾತುಕೊಟ್ಟಳು. ಆದರೆ ಮಾಂಸವಿಲ್ಲದೆ ಏನು ಬೇಯಿಸಬೇಕೆಂಬುದು ಅವಳಿಗೆ ತಿಳಿಯದು. ಇನ್ನಷ್ಟು ಬೇಕೆಂದು ಕೇಳಲು ಇವನಿಗೆ ನಾಚಿಕೆ. ಅವಳ ಹೆಣ್ಣುಮಕ್ಕಳು ವಿಶ್ವಾಸದಿಂದ ರೊಟ್ಟಿಯ ಒಂದೆರಡು ಚೂರು ಹೆಚ್ಚಾಗಿ ಬಡಿಸುವರು. ಇಡೀ ರೊಟ್ಟಿಯಿಲ್ಲದೆ ಇವನ ಹೊಟ್ಟೆ ತುಂಬದೆಂಬುದು ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು? ಎರಡು ಕಡೆಯೂ ಒಳ್ಳೆಯವರೇ, ಆದರೂ ಮಧ್ಯೆ ಒಬ್ಬ ಹಸಿದಿದ್ದಾನೆ. ಪರದೇಶದ ವಿದ್ಯಾರ್ಥಿಯ ಬಾಳನ್ನು ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಪೂರ್ಣವಾಗಿ ಹೇಳಿದ ಪ್ರಸಂಗ ಅಪೂರ್ವ.

ಗಾಂಧೀಜಿ ಹಣದ ಮಾತನ್ನೂ ಮುಚ್ಚಿಡುವುದಿಲ್ಲ. ಸಂಸಾರದಲ್ಲಿ ವಾಸವೆಂದರೆ ವಾರವಾರದ ಬಿಲ್ಲು; ಮರ್ಯಾದೆಗಾಗಿ ಮನೆಯವರನ್ನು ಹೊರಗೆ ಊಟಕ್ಕೆ ಕರೆದೊಯ್ಯಬೇಕು; ಗಾಡಿಯ ಖರ್ಚು ಬೇರೆ. ಲೆಕ್ಕ ಹಾಕಿ ನೋಡಿ ಅವರು ಕೊನೆಗೆ ಬೇರೆ ಕೋಣೆ ಹಿಡಿದರು. ಆತಿಥ್ಯಕ್ಕೂ ಬಾಡಿಗೆಗೂ ನಡುವಣ ಗೆರೆ ಎಷ್ಟು ತೆಳುವೆಂಬುದನ್ನು ಇಷ್ಟು ನೇರವಾಗಿ ಹೇಳುವ ಎದೆಗಾರಿಕೆ ಎಲ್ಲ ಅತಿಥಿಗಳಿಗೂ ಇರುವುದಿಲ್ಲ. ಬ್ರೈಟನ್ನಿನಲ್ಲಿ ಪರಿಚಯವಾಗಿ, ಲಂಡನ್ನಿನ ತನ್ನ ಮನೆಗೆ ಭಾನುವಾರಗಳಂದು ಊಟಕ್ಕೆ ಕರೆಯುತ್ತಿದ್ದ ವೃದ್ಧೆಯ ಕಥೆಯೂ ಇದೇ ಜಾತಿಯದು. ಅವನಿಗೆ ಮದುವೆಯಾಗಿರುವುದನ್ನು ತಿಳಿಯದೆ ಆಕೆ ತರುಣಿಯರ ಪರಿಚಯ ಮಾಡಿಸಿದಳು. ತನಗೆ ಮದುವೆಯಾಗಿದೆ, ಮಗನೂ ಇದ್ದಾನೆ ಎಂದು ಅವನು ಅಂಜುತ್ತಂಜುತ್ತ ಕಾಗದ ಬರೆದಾಗ ಬಂದ ಉತ್ತರದಲ್ಲಿ ಕೋಪವಿರಲಿಲ್ಲ. ನಗುವಿತ್ತು, ಮತ್ತೆ ಭಾನುವಾರ ಬಾ ಎಂಬ ಕರೆಯಿತ್ತು. ಆತಿಥೇಯರ ಸ್ವಂತ ಕೈಬರಹ ಇಲ್ಲಿ ಒಂದು ಗಳಿಗೆ ಇಣುಕುತ್ತದೆ. ಇದ್ದದ್ದನ್ನು ಇದ್ದಂತೆ ಅತಿಥಿ ಬರೆದಾಗ ಮನೆಯ ಬಾಗಿಲು ಮುಚ್ಚಲಿಲ್ಲ, ಇನ್ನಷ್ಟು ತೆರೆಯಿತು ಎಂಬುದನ್ನು ಮುಂದಿನ ಮಾತಿಗಾಗಿ ನೆನಪಿಡೋಣ.

ಮೂರನೆಯದು ನಮ್ಮ ಕನ್ನಡದ್ದೇ, ಎ.ಕೆ. ರಾಮಾನುಜನ್ನರ ‘ಅಣ್ಣಯ್ಯನ ಮಾನವಶಾಸ್ತ್ರ’ ಎಂಬ ಸಣ್ಣಕಥೆ. ಮೈಸೂರಿನಲ್ಲಿ ಹುಟ್ಟಿ, 1959ರಲ್ಲಿ ಅಮೆರಿಕಕ್ಕೆ ಹೋಗಿ, ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ರಾಮಾನುಜನ್ನರಿಗೆ ಈ ವಿನಿಮಯದ ಎರಡು ಬದಿಗಳೂ ಗೊತ್ತಿದ್ದವು. ಕಥೆಯ ಅಣ್ಣಯ್ಯ ಮೈಸೂರಿನವನು. ಊರಿನಲ್ಲಿದ್ದಾಗ ಮನೆಯ ಮಡಿ, ಮೈಲಿಗೆ, ಸಂಸ್ಕಾರಗಳ ಕಡೆ ತಿರುಗಿಯೂ ನೋಡದವನು, ಅಮೆರಿಕದ ಗ್ರಂಥಾಲಯದಲ್ಲಿ ಕುಳಿತು ಅವನ್ನು ಕುರಿತ ಇಂಗ್ಲಿಷ್ ಪುಸ್ತಕಗಳನ್ನು ಹಸಿದವನಂತೆ ಓದುತ್ತಾನೆ. ಫರ್ಗೂಸನ್ ಎಂಬ ಪಂಡಿತ ಹಿಂದೂ ಆಚಾರಗಳನ್ನು ಕುರಿತು ಬರೆದ ಪುಸ್ತಕ ಅವನ ಕೈಗೆ ಬರುತ್ತದೆ. ಅದರಲ್ಲಿ ತನ್ನ ಸೀಮೆಯ ಚಿತ್ರಗಳು! ಹುಣಸೂರಿನಲ್ಲಿ ಫೋಟೋ ಅಂಗಡಿ ಇಟ್ಟ ಸೋದರ ಬಂಧು ಸುಂದರರಾಯನ ಸಹಾಯದ ಫಲ ಅದು. ಅಣ್ಣಯ್ಯನಿಗೆ ಹೆಮ್ಮೆ. ಪುಟ ತಿರುವುತ್ತಾನೆ. ಶವಸಂಸ್ಕಾರದ ಚಿತ್ರದಲ್ಲಿ ಅವನ ತಂದೆಯ ಹೆಣ. ಮತ್ತೊಂದು ಚಿತ್ರದಲ್ಲಿ, ಪದ್ಧತಿಯ ಪ್ರಕಾರ ತಲೆ ಬೋಳಿಸಿಕೊಂಡ ವಿಧವೆಗೆ ನಿದರ್ಶನವಾಗಿ, ಅವನ ತಾಯಿ. ತಂದೆ ತೀರಿಕೊಂಡ ಸುದ್ದಿಯನ್ನು ಮನೆಯವರು ಅವನಿಗೆ ತಿಳಿಸಿರಲೇ ಇಲ್ಲ.

ಈ ಕಥೆಯನ್ನು ವಿಮರ್ಶಕರು ಸಾಮಾನ್ಯವಾಗಿ, ಬೇರು ಕಡಿದುಕೊಂಡ ಭಾರತೀಯನ ವ್ಯಂಗ್ಯಚಿತ್ರವಾಗಿ ಓದುತ್ತಾರೆ. ಆ ಓದು ತಪ್ಪಲ್ಲ. ಆದರೆ ನಮ್ಮ ಪ್ರಶ್ನೆಯ ಬೆಳಕಿನಲ್ಲಿ ಅದು ಇನ್ನೂ ಒಂದು ಕೆಲಸ ಮಾಡುತ್ತದೆ. ಅತಿಥಿ ಬರೆದ ಪುಸ್ತಕವನ್ನು ಇಲ್ಲಿ ಆತಿಥೇಯರ ಮಗ ಓದುತ್ತಾನೆ. ಊರಿನವರು ವಿಶ್ವಾಸದಿಂದ ಬಾಗಿಲು ತೆರೆದರು, ಒಳಗಿನದನ್ನು ತೋರಿಸಿದರು. ಫರ್ಗೂಸನ್ ದುಷ್ಟನೇನಲ್ಲ, ಸುಳ್ಳನ್ನೂ ಬರೆದಿಲ್ಲ. ಅವನ ಪುಸ್ತಕದಲ್ಲಿರುವ ಪ್ರತಿಯೊಂದು ವಿವರವೂ ಸರಿಯಾಗಿಯೇ ಇದ್ದೀತು. ಆದರೂ ಮಗನೊಬ್ಬ ಆ ಪುಟದ ಮುಂದೆ ಕುಸಿಯುತ್ತಾನೆ. ಏಕೆಂದರೆ ಆ ಪುಟದಲ್ಲಿ ಅವನ ತಾಯಿಗೆ ಹೆಸರಿಲ್ಲ. ಅವಳು ‘ಒಬ್ಬ ವಿಧವೆ’. ರವೀಂದ್ರರನ್ನು ಹಾಡಿಸಿದ ಆಂಗ್ಲ ಸ್ತ್ರೀ ಅತಿಥಿಯನ್ನು ಮಾದರಿಯಾಗಿ ಮಾಡಿದಳು. ಫರ್ಗೂಸನ್ ಆತಿಥೇಯರನ್ನು ಮಾದರಿಯಾಗಿ ಮಾಡಿದ. ತಪ್ಪು ಒಂದೇ, ದಿಕ್ಕು ಬೇರೆ.

ಹಾಗಾದರೆ ಅತಿಥಿ ಬರೆಯಲೇಬಾರದೆ? ಉಂಡ ಮನೆಯನ್ನು ಹೊಗಳಿ ಮಾತ್ರ ಬರೆಯಬೇಕೆ? ಅಂಥ ಬರಹ ಸಾಹಿತ್ಯವಾಗುವುದಿಲ್ಲ, ಧನ್ಯವಾದದ ಕಾಗದವಾಗುತ್ತದೆ. ಇದಕ್ಕೆ ಉತ್ತರವನ್ನು ಎಂ.ಎನ್. ಶ್ರೀನಿವಾಸರ ‘ನೆನಪಿನ ಹಳ್ಳಿ’ಯಲ್ಲಿ ಹುಡುಕಬಹುದು. ಶ್ರೀನಿವಾಸರು ಪರದೇಶದವರಲ್ಲ, ಆದರೆ ಆಕ್ಸ್‌ಫರ್ಡಿನಿಂದ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಬಂದು ನೆಲಸಿದಾಗ ಅವರೂ ಒಬ್ಬ ಪರಸ್ಥಳದ ವಿದ್ವಾಂಸರೇ. ಆ ಊರಿಗೆ ಅವರು ‘ರಾಂಪುರ’ ಎಂಬ ಮರೆಯ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಅವರ ಟಿಪ್ಪಣಿಗಳು ಸಿಕ್ಕಿದವು. 1976ರಲ್ಲಿ ಹೊರಬಂದ ಪುಸ್ತಕವನ್ನು ಬಹುಮಟ್ಟಿಗೆ ನೆನಪಿನಿಂದ ಬರೆದರು. ಅದರಲ್ಲಿ ಹೊಗಳಿಕೆಯಿಲ್ಲ. ಊರಿನ ಜಗಳ, ಜಿಪುಣತನ, ಜಾತಿಯ ಬಿಗಿ ಎಲ್ಲವೂ ಇವೆ. ಆದರೆ ಇರುವವರು ಮನುಷ್ಯರು. ಅವರಿಗೆ ನಡೆನುಡಿಯುಂಟು, ಬಂದವನನ್ನೇ ಪರೀಕ್ಷಿಸಿ ನೋಡುವ ಕಣ್ಣುಂಟು. ಅತಿಥಿಯ ಲೇಖನಿಗೆ ಬೇಕಾದದ್ದು ಮೃದುತ್ವವಲ್ಲ. ತಾನು ನೋಡುತ್ತಿರುವಂತೆ ತನ್ನನ್ನೂ ನೋಡುತ್ತಿದ್ದಾರೆಂಬ ಅರಿವು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಶ್ರೀಮತಿ ಸ್ಕಾಟರ ಕಥೆಯನ್ನು ಓದಿ ಕಣ್ಣು ಒದ್ದೆಮಾಡಿಕೊಳ್ಳುವುದು ನಮಗೆ ಸುಲಭ. ಅಲ್ಲಿ ಅತಿಥಿ ನಮ್ಮವನು. ಬೆಂಗಳೂರು, ಮೈಸೂರು, ಮಣಿಪಾಲಗಳಿಗೆ ಆಫ್ರಿಕದಿಂದ, ಅರಬ್ ದೇಶಗಳಿಂದ, ನೆರೆಯ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಲೇ ಇದ್ದಾರೆ. 2016ರ ಜನವರಿಯ ಕೊನೆಯ ದಿನ ಬೆಂಗಳೂರಿನ ಹೊರವಲಯದಲ್ಲಿ, ಬೇರೊಬ್ಬ ವಿದೇಶಿ ವಿದ್ಯಾರ್ಥಿಯ ಕಾರಿನಿಂದಾದ ಅಪಘಾತಕ್ಕೆ ಸಿಟ್ಟಿಗೆದ್ದ ಗುಂಪು, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಕೈಮಾಡಿತು. ಕಾರು ಓಡಿಸಿದವನು ಸುಡಾನಿನವನು. ಹೊಡೆತ ತಿಂದವಳು ತಾಂಜಾನಿಯಾದವಳು. ಗುಂಪಿನ ಕಣ್ಣಿಗೆ ಇಬ್ಬರೂ ಒಂದೇ. ಮಾದರಿಯಾಗಿ ನೋಡುವ ಕಣ್ಣು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆ ಬೀದಿಯ ಒಂದೇ ಒಂದು ಮನೆಯಲ್ಲಿ ಅವಳ ಹೆಸರು ಹಿಡಿದು ಕರೆಯುವವರಿದ್ದಿದ್ದರೆ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಅಷ್ಟರಿಂದಲೇ ಗುಂಪು ನಿಲ್ಲುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಅವಳು ಓಡಿಹೋಗಿ ತಟ್ಟಲು ಒಂದು ಬಾಗಿಲಾದರೂ ಇರುತ್ತಿತ್ತು.

ಕರೆಯುವವರು ನಮ್ಮಲ್ಲಿ ಇಲ್ಲವೆಂದಲ್ಲ. ಕರೆಯುವ ರೀತಿಯ ಮಾತು. ನಮ್ಮ ಬಡಾವಣೆಯ ಮನೆಯೊಂದಕ್ಕೆ ಗೌರೀಹಬ್ಬದಲ್ಲಿ ಕೆಲವು ವಿದೇಶಿ ವಿದ್ಯಾರ್ಥಿಗಳು ಬಂದಿದ್ದರು, ನಾನೂ ಪಂಕ್ತಿಯಲ್ಲಿದ್ದೆ. ಹುಡುಗರಿಗೆ ಪಂಚೆ ಉಡಿಸಿದರು, ಹಣೆಗೆ ಕುಂಕುಮವಿಟ್ಟರು, ಫೋಟೋ ಹಿಡಿದರು, ಅವರ ದೇಶದ ಹಾಡು ಹಾಡಿಸಿದರು. ಪಂಕ್ತಿ ಏಳುವ ಹೊತ್ತಿಗೆ ಒಬ್ಬ ಹುಡುಗ ಮನೆಯಾಕೆಯನ್ನು, “ಅಮ್ಮ, ನೀವು ಯಾವಾಗ ಊಟ ಮಾಡೋದು?” ಎಂದು ಕಲಿತಷ್ಟು ಕನ್ನಡದಲ್ಲಿ ಕೇಳಿದ. “ನಂದೇನಪ್ಪ, ಎಲ್ಲರದೂ ಆದ್ಮೇಲೆ” ಎಂದು ಆಕೆ ನಕ್ಕರು. ಅವನು ನಗಲಿಲ್ಲ, ತನ್ನ ಊರಿನಲ್ಲಿ ತನ್ನ ತಾಯಿಯೂ ಹಾಗೆಯೇ ಎಂದ. ಆಕೆ ಹುಳಿಯ ಪಾತ್ರೆಯನ್ನು ಕೆಳಗಿಟ್ಟು, ನಿಮ್ಮ ತಾಯಿಗೆ ಎಷ್ಟು ಮಕ್ಕಳು ಎಂದು ವಿಚಾರಿಸತೊಡಗಿದರು. ಅಂದಿನ ಸಮಾರಂಭದಲ್ಲಿ ವಿನಿಮಯವೆಂಬುದು ನಡೆದಿದ್ದರೆ ಆ ಎರಡು ಮೂರು ನಿಮಿಷ ನಡೆಯಿತು. ಅದರ ಫೋಟೋ ಯಾರೂ ಹಿಡಿಯಲಿಲ್ಲ.

ಅತಿಥಿಯನ್ನು ದೇವರೆಂದು ಕಾಣುವ ಉಪದೇಶ ನಮ್ಮಲ್ಲಿ ಬಲು ಹಳೆಯದು. ಆದರೆ ದೇವರೊಡನೆ ವ್ಯವಹಾರ ಸುಲಭ. ಕೂರಿಸಿ, ಅಲಂಕರಿಸಿ, ನೈವೇದ್ಯ ತೋರಿಸಿ, ಮಂಗಳಾರತಿ ಮಾಡಿ ಕಳಿಸಿಕೊಡಬಹುದು. ಅವನು ಎದುರುಮಾತಾಡುವುದಿಲ್ಲ, ಹೊಟ್ಟೆ ತುಂಬಲಿಲ್ಲವೆಂದು ದೂರುವುದಿಲ್ಲ. ಮನುಷ್ಯನೆಂದು ಕಂಡರೆ ಅವನ ಹಸಿವು, ಅವನ ಸುಳ್ಳು, ಅವನ ಪ್ರಶ್ನೆ ಎಲ್ಲಕ್ಕೂ ಎಡೆ ಕೊಡಬೇಕಾಗುತ್ತದೆ. ಸ್ಕಾಟರ ಮನೆ ಅದಕ್ಕೆ ಎಡೆಕೊಟ್ಟಿತು. ಬ್ರೈಟನ್ನಿನ ವೃದ್ಧೆ ಕೊಟ್ಟಳು.

ವಿದ್ಯಾರ್ಥಿಗಳನ್ನೂ ಸಂಸಾರಗಳನ್ನೂ ಜೊತೆಗೂಡಿಸುವವರಿಗೆ ಸಾಹಿತ್ಯದ ಓದುಗನಾಗಿ ನನ್ನದೊಂದು ಸಣ್ಣ ಅರಿಕೆ. ವರ್ಷದ ಕೊನೆಗೆ ವಿದ್ಯಾರ್ಥಿಯಿಂದ ಅವನ ಅನುಭವವನ್ನು ಬರೆಸುವುದು ಎಲ್ಲೆಡೆಯ ಪದ್ಧತಿ. ಆತಿಥೇಯರಿಂದಲೂ ಒಂದು ಪುಟ ಬರೆಸಿ. ಸೌಟು ಹಿಡಿದ ಕೈಗೆ ಬರವಣಿಗೆ ಒಗ್ಗದಿದ್ದರೆ ಅವರು ಹೇಳಿದ್ದನ್ನು ಬರೆದುಕೊಳ್ಳಿ. ಎರಡು ಪುಟಗಳನ್ನೂ ಅವರವರೇ ಒಬ್ಬರಿಗೊಬ್ಬರು ಓದಿ ಹೇಳಲಿ. ಒಪ್ಪದ ಕಡೆ ಜಗಳವಾಡಲಿ. ಶ್ರೀಮತಿ ಸ್ಕಾಟ್ ಅಂಥ ಒಂದು ಪುಟ ಬರೆದಿಟ್ಟಿದ್ದರೆ, ಕವಿಯಾಗಲಿದ್ದ ಆ ಹುಡುಗ ಅವರಿಗೆ ಹೇಗೆ ಕಂಡನೆಂಬುದು ನಮಗೆ ಸಿಕ್ಕುತ್ತಿತ್ತು. ಅದನ್ನು ‘ಜೀವನಸ್ಮೃತಿ’ಯ ಪಕ್ಕದಲ್ಲಿಟ್ಟು ಓದಲು ನನಗೆ ಬಹಳ ಆಸೆ. ಮತ್ತು ಈ ಭಾನುವಾರ ಯಾರಾದರೂ ಅಂಥ ಹುಡುಗನನ್ನೋ ಹುಡುಗಿಯನ್ನೋ ಊಟಕ್ಕೆ ಕರೆಯುವುದಾದರೆ, ಮೊದಲ ದಿನವೇ ಹಾಡಲು ಹೇಳದಿರುವುದು ಒಳ್ಳೆಯದು. ಇನ್ನೂ ಸ್ವಲ್ಪ ಅನ್ನ ಬೇಕೆ ಎಂದು ಎರಡು ಸಲ ಕೇಳಿದರೆ ಸಾಕು.